ನೆಗಡಿಯಂಥ ರೋಗವಿಲ್ಲ

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಇದನ್ನು ಎರಡು ರೀತಿಯಾಗಿ ಅರ್ಥಮಾಡಬಹುದು. ನೆಗಡಿಯಷ್ಟು ಕಾಡಿಸುವ ರೋಗ ಮತ್ತೊಂದಿಲ್ಲ ಎಂಬುದು ಒಂದು ಅರ್ಥ. ನೆಗಡಿಯೂ ಒಂದು ರೋಗವಾಗುವುದಾದರೆ ಕಿವಿಯ ಮೇಲಿನ ಪುಟ್ಟ ಬುಗುಡಿಯೂ ಮಹಾ ಒಡವೆಯಾದೀತು ಎಂಬ ಪರಿಹಾಸ್ಯ ಇನ್ನೊಂದು ಅರ್ಥ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ಎರಡು ಅರ್ಥಗಳ ನಡುವೆ ಆಯ್ಕೆಮಾಡಿಕೊಳ್ಳುವ ಪ್ರಸಂಗ ವೃದ್ಧಾಪ್ಯದಲ್ಲಿ ಒದಗಿತು. ನಾನು ಈಗ ಮೊದಲನೆಯ ಪಕ್ಷಕ್ಕೆ ಸೇರಿದವನು. ಆ ಪಕ್ಷದ ಪರವಾಗಿಯೇ ನಿಮ್ಮ ಮುಂದೆ ಕೆಲವು ಮಾತುಗಳನ್ನು ಆಡಬಯಸುತ್ತೇನೆ.

ನನಗೆ ಇರುವ ಕಾಯಿಲೆಗಳು ಎರಡು. ಒಂದರ ಹೆಸರು ಹೇಳಿದರೆ ಎದುರಿಗೆ ಕುಳಿತವರ ಕಣ್ಣು ತುಂಬುತ್ತದೆ. ಇನ್ನೊಂದರ ಹೆಸರು ಹೇಳಿದರೆ ಅವರಿಗೆ ನಗು ಬರುತ್ತದೆ. ಮೊದಲನೆಯದು ರಕ್ತದ ಕ್ಯಾನ್ಸರು. ಎರಡನೆಯದು ಸೈನಸ್ಸಿನ ಸೋಂಕು, ಹಳಬರು ಪೀನಸವೆಂದು ಕರೆಯುತ್ತಿದ್ದ ಮೂಗಿನ ಬಾಧೆ. ಕಣ್ಣು ತುಂಬಿಕೊಂಡವರೂ ನಕ್ಕವರೂ ತಿಳಿಯದೆ ಹೋಗುವ ಸಂಗತಿಯೆಂದರೆ, ನನ್ನಂಥವನನ್ನು ದಿನದಿನವೂ ಬಳಲಿಸುವುದು ಆ ಎರಡನೆಯದು ಎಂಬುದು. ಅಷ್ಟೇ ಅಲ್ಲ, ಅದು ಸ್ವತಂತ್ರವಾದ ಕಾಯಿಲೆಯೂ ಅಲ್ಲ, ಮೊದಲನೆಯದರ ಕೈಯಾಳು.

2015ರಲ್ಲಿ ನನ್ನ ಎಡಗಣ್ಣಿನ ಪೊರೆ ತೆಗೆಸಬೇಕಾಗಿತ್ತು. ಶಸ್ತ್ರಕ್ರಿಯೆಗೆ ಮುಂಚೆ ಎಲ್ಲರಿಗೂ ಮಾಡುವಂತೆ ರಕ್ತಪರೀಕ್ಷೆ ಮಾಡಿದರು. ಘನ ಮಿಲಿಮೀಟರಿಗೆ ಹೆಚ್ಚೆಂದರೆ 11,000 ಇರಬೇಕಾದ ಬಿಳಿಯ ರಕ್ತಕಣಗಳು ನನ್ನಲ್ಲಿ 38,000 ಇದ್ದವು. ನನಗೆ ಜ್ವರವಿರಲಿಲ್ಲ, ನಿತ್ರಾಣವಿರಲಿಲ್ಲ. ಅಂದು ಬೆಳಗ್ಗೆ ಚಾಮುಂಡಿಬೆಟ್ಟದ ತಪ್ಪಲಿನವರೆಗೆ ನಡೆದು ಬಂದಿದ್ದೆ. ಎರಡು ವಾರಗಳ ಅನಂತರ ಬೆಂಗಳೂರಿನಲ್ಲಿ ಹೆಚ್ಚಿನ ಪರೀಕ್ಷೆಗಳಾಗಿ, ಇದು ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯ ಎಂದು ನಿರ್ಧಾರವಾಯಿತು. ರಕ್ತರೋಗದ ವೈದ್ಯರು ನನ್ನ ಮಗನ ವಯಸ್ಸಿನವರು. ಅವರು ಕಾಗದಗಳನ್ನೆಲ್ಲ ನೋಡಿ, “ಮೇಷ್ಟ್ರೇ, ಸದ್ಯಕ್ಕೆ ಔಷಧಿ ಏನೂ ಬೇಡ. ಮೂರು ತಿಂಗಳಿಗೊಮ್ಮೆ ಬಂದು ರಕ್ತ ತೋರಿಸಿಕೊಂಡು ಹೋಗಿ” ಎಂದರು. ನನ್ನ ಹೆಂಡತಿ ತಡೆಯಲಾರದೆ, “ಕ್ಯಾನ್ಸರ್ ಅಂತೀರಿ, ಔಷಧಿ ಬೇಡ ಅಂತೀರಿ, ಇದೇನು ಡಾಕ್ಟ್ರೇ?” ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ರೋಗದ ರೀತಿಯೇ ಹಾಗೆ. ಅನೇಕರಲ್ಲಿ ಇದು ವರ್ಷಗಟ್ಟಲೆ ಮಲಗಿರುತ್ತದೆ. ಮಲಗಿರುವಾಗ ಎಬ್ಬಿಸಿ ಹೊಡೆಯುವುದರಿಂದ ಆಯುಸ್ಸು ಹೆಚ್ಚುವುದಿಲ್ಲವೆಂದು ಅನುಭವದಿಂದ ತಿಳಿದುಬಂದಿದೆ.

ಈ ರೋಗವನ್ನು ಮೊದಲು ಗುರುತಿಸಿದ ಕಾಲ 1845. ಎಡಿನ್‌ಬರೋದಲ್ಲಿ ಜಾನ್ ಹ್ಯೂಸ್ ಬೆನೆಟ್, ಬರ್ಲಿನ್ನಿನಲ್ಲಿ ರುಡಾಲ್ಫ್ ವಿರ್ಖೋ ಎಂಬ ತರುಣ ವೈದ್ಯರು, ಒಬ್ಬರನ್ನೊಬ್ಬರು ಅರಿಯದೆ, ಸತ್ತ ರೋಗಿಗಳ ರಕ್ತದಲ್ಲಿ ಬಿಳಿಯ ಕಣಗಳು ವಿಪರೀತವಾಗಿ ಸೇರಿದ್ದುದನ್ನು ಕಂಡು ಬರೆದರು. ಬಿಳಿಯ ರಕ್ತ ಎಂಬ ಅರ್ಥ ಬರುವ ಗ್ರೀಕ್ ಪದಗಳಿಂದ ವಿರ್ಖೋ 1847ರಲ್ಲಿ ಲ್ಯುಕೇಮಿಯ ಎಂಬ ಹೆಸರನ್ನು ಕಟ್ಟಿದ. ನನಗೆ ಬಂದಿರುವ ಬಗೆ ಪಾಶ್ಚಾತ್ಯ ದೇಶಗಳ ವೃದ್ಧರಲ್ಲಿ ಬಹು ಸಾಮಾನ್ಯ. ನಮ್ಮ ದೇಶದಲ್ಲಿ ಅಷ್ಟಿಲ್ಲ. ಆದರೂ ಇದು ಯಾವ ಹಂತದಲ್ಲಿದೆ ಎಂದು ಅಳೆಯಲು ಜಗತ್ತಿನಾದ್ಯಂತ ಬಳಸುವ ಅಳತೆಗೋಲುಗಳಲ್ಲಿ ಒಂದನ್ನು 1975ರಲ್ಲಿ ಕೊಟ್ಟವರು ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಾಂತಿ ರಾಯ್. ವೈದ್ಯರು ನನ್ನ ಕಾಗದದ ಮೇಲೆ ರಾಯ್ ಹಂತ ಎಂದು ಬರೆದಾಗ, ಪರದೇಶದ ಪೇಟೆಯಲ್ಲಿ ನಮ್ಮವರೊಬ್ಬರು ಕಣ್ಣಿಗೆ ಬಿದ್ದ ಹಾಗಾಯಿತು.

ಬಿಳಿಯ ಕಣಗಳೆಂದರೆ ದೇಹದ ಕಾವಲುಗಾರರು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಕಾವಲುಗಾರರು ಮೂರು ಪಾಲು ಹೆಚ್ಚಾದವನಿಗೆ ಸೋಂಕೇ ತಗಲಬಾರದಲ್ಲವೆ? ನಾನೂ ಹೀಗೆಯೇ ಕೇಳಿದೆ. ಒಕ್ಕಲು ಮನೆತನದಿಂದ ಬಂದ ನನಗೆ ಅರ್ಥವಾಗುವಂತೆ ಉತ್ತರವನ್ನು ನಾನೇ ಹೀಗೆ ಹೊಂದಿಸಿಕೊಂಡಿದ್ದೇನೆ: ಗದ್ದೆಯ ತುಂಬ ತೆನೆ ಇದೆ, ಆದರೆ ಕಾಳು ಕಟ್ಟಿಲ್ಲ, ಎಲ್ಲವೂ ಜೊಳ್ಳು. ಬಿ-ಲಿಂಫೋಸೈಟ್ ಎಂಬ ಕಣಗಳು ಬಲಿತು ಪ್ರತಿಕಾಯಗಳನ್ನು ತಯಾರಿಸಬೇಕು. ರೋಗಾಣುಗಳನ್ನು ಹಿಡಿದು ಕಟ್ಟುವವು ಆ ಪ್ರತಿಕಾಯಗಳು. ನನ್ನಲ್ಲಿ ಹೆಚ್ಚಾಗಿರುವ ಕಣಗಳು ಈ ಜಾತಿಯವೇ. ಆದರೆ ಅವು ಆ ಕೆಲಸ ಕಲಿಯಲಿಲ್ಲ. ಸಾಲದುದಕ್ಕೆ, ಕಲಿತ ಕಣಗಳಿಗೂ ಎಡೆಗೊಡುವುದಿಲ್ಲ. ಆದುದರಿಂದ ಈ ರೋಗಿಗಳು ಬಹುಮಟ್ಟಿಗೆ ಕ್ಯಾನ್ಸರಿನ ಗಡ್ಡೆಯಿಂದಲ್ಲ, ಸೋಂಕುಗಳಿಂದ ನವೆಯುತ್ತಾರೆ. ಸಾವಿಗೂ ಹಲವು ಸಲ ಸೋಂಕೇ ಕಾರಣವಾಗುತ್ತದೆ. ಆ ಸೋಂಕುಗಳು ಮೊದಲು ನುಗ್ಗುವ ಹೆಬ್ಬಾಗಿಲು ಮೂಗು.

ಇನ್ನು ಮೂಗಿನ ವಿಚಾರ. ನಮ್ಮ ಮುಖದ ಮೂಳೆಗಳ ಒಳಗೆ ಗಾಳಿ ತುಂಬಿದ ಗೂಡುಗಳಿವೆ: ಹಣೆಯಲ್ಲಿ, ಕೆನ್ನೆಗಳಲ್ಲಿ, ಕಣ್ಣುಗಳ ನಡುವೆ, ಅವುಗಳ ಹಿಂದೆ ಆಳದಲ್ಲಿ, ಒಟ್ಟು ನಾಲ್ಕು ಜೊತೆ. ಕೆನ್ನೆಯ ಗೂಡುಗಳು ಎಲ್ಲಕ್ಕಿಂತ ದೊಡ್ಡವು. 1651ರಲ್ಲಿ ನಥಾನಿಯಲ್ ಹೈಮೋರ್ ಎಂಬ ಇಂಗ್ಲಿಷ್ ವೈದ್ಯ ಇದನ್ನು ವಿವರವಾಗಿ ವರ್ಣಿಸಿದುದರಿಂದ ಬಹುಕಾಲ ಅವನ ಹೆಸರಿನಿಂದಲೇ ಕರೆಯುತ್ತಿದ್ದರು. ಈ ಗೂಡಿನ ರಚನೆಯಲ್ಲಿ ಒಂದು ವಿಚಿತ್ರವಿದೆ. ಅದರಿಂದ ಲೋಳೆ ಹೊರಕ್ಕೆ ಹೋಗುವ ಕಂಡಿ ತಳದಲ್ಲಿಲ್ಲ, ಮೇಲುಗಡೆ ಇದೆ. ಬಚ್ಚಲುಮನೆ ಕಟ್ಟಿದ ಮೇಸ್ತ್ರಿ ನೀರು ಹೋಗುವ ತೂಬನ್ನು ನೆಲದಲ್ಲಿ ಇಡದೆ ಸೂರಿನ ಬಳಿ ಇಟ್ಟರೆ ಹೇಗೋ ಹಾಗೆ! ನಾಲ್ಕು ಕಾಲಿನ ಪ್ರಾಣಿಗೆ ಇದು ಬಾಧಕವಲ್ಲ. ಎದ್ದು ನಿಂತ ಮನುಷ್ಯನಿಗೆ ತೊಂದರೆ. ಆದರೂ ಆರೋಗ್ಯವಂತನಲ್ಲಿ ಕೆಲಸ ನಡೆಯುತ್ತದೆ. ಹೇಗೆಂದರೆ, ಗೂಡಿನ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳಿವೆ. ಅವು ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಸಲ ಬಡಿಯುತ್ತ ಲೋಳೆಯನ್ನು ಗೋಡೆಯ ಮೇಲಕ್ಕೆ ಹತ್ತಿಸಿ ಕಂಡಿಯ ಕಡೆಗೆ ಸಾಗಿಸುತ್ತವೆ. ನೆಗಡಿಯಾದಾಗ ಕಂಡಿಯ ಸುತ್ತಿನ ಪೊರೆ ಊದಿಕೊಂಡು ದಾರಿ ಮುಚ್ಚುತ್ತದೆ, ರೋಮಗಳು ಸೋಲುತ್ತವೆ, ಲೋಳೆ ನಿಂತು ಕೊಳೆಯುತ್ತದೆ. ನಿಂತ ನೀರಿನಲ್ಲಿ ಸೊಳ್ಳೆ ಮರಿಮಾಡುವಂತೆ ಅಲ್ಲಿ ಬ್ಯಾಕ್ಟೀರಿಯಗಳು ಹೆಚ್ಚುತ್ತವೆ. ಪ್ರತಿಕಾಯಗಳುಳ್ಳವನಿಗೆ ಹತ್ತು ದಿನದಲ್ಲಿ ಇದೆಲ್ಲ ತಾನೇ ತಿಳಿಯಾಗುತ್ತದೆ. ಇಲ್ಲದವನಿಗೆ ಆಗುವುದಿಲ್ಲ.

ನನಗೆ ಮೊದಲನೆಯ ಸೋಂಕು ಕಾಣಿಸಿಕೊಂಡದ್ದು 2017ರ ಆಷಾಢದಲ್ಲಿ. ಮೇಲುಸಾಲಿನ ದವಡೆಹಲ್ಲುಗಳು ನೋಯತೊಡಗಿದವು. ದಂತವೈದ್ಯರು ತಟ್ಟಿ ನೋಡಿ, ಚಿತ್ರ ತೆಗೆದು, ಹಲ್ಲುಗಳು ಚೆನ್ನಾಗಿಯೇ ಇವೆ ಎಂದರು. ಕೆನ್ನೆಯ ಗೂಡಿನ ನೆಲಕ್ಕೂ ಮೇಲಿನ ಹಲ್ಲುಗಳ ಬೇರಿಗೂ ನಡುವೆ ತೆಳುವಾದ ಮೂಳೆ ಮಾತ್ರ ಇರುವುದರಿಂದ ಗೂಡಿನ ನೋವು ಹಲ್ಲಿನ ನೋವಿನಂತೆ ತೋರುತ್ತದೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಮುಖದ ಒಳಗೆ ಕಲ್ಲುಗುಂಡು ಉರುಳಿದಂತಾಗುತ್ತಿತ್ತು. ಊಟದಲ್ಲಿ ವಾಸನೆ ಸತ್ತುಹೋಯಿತು. ಮೈಸೂರಿನ ಮಲ್ಲಿಗೆಯೂ ಅಷ್ಟೆ, ಸೀಮೆಎಣ್ಣೆಯೂ ಅಷ್ಟೆ. ರಾತ್ರಿ ಮಲಗಿದರೆ ಲೋಳೆ ಗಂಟಲಿಗೆ ಇಳಿದು ಕೆಮ್ಮು. 2018ರಲ್ಲಿ ಇಂಥ ಬಾಧೆ ಆರು ಸಲ ಬಂದಿತು. ಮನೆಯ ಹತ್ತಿರದ ಚಿಕಿತ್ಸಾಲಯವೊಂದರಲ್ಲಿ ಪ್ರತಿಸಲವೂ ಐದು ದಿನದ ಆಂಟಿಬಯೋಟಿಕ್ ಬರೆದುಕೊಡುತ್ತಿದ್ದರು. ಏಕೆ ಮತ್ತೆ ಮತ್ತೆ ಬರುತ್ತಿದೆ ಎಂದು ಒಂದು ಸಲವೂ ಕೇಳಲಿಲ್ಲ. ವರ್ಷಕ್ಕೆ ನಾಲ್ಕು ಸಲ ಅಥವಾ ಹೆಚ್ಚು ಬಂದರೆ ಅದಕ್ಕೆ ಮರುಕಳಿಸುವ ಸೈನಸೈಟಿಸ್ ಎಂಬ ಬೇರೆ ಹೆಸರೇ ಇದೆ, ಹಾಗೆ ಬಂದಾಗ ಕಾರಣ ಹುಡುಕಬೇಕು ಎಂಬುದು ನನಗೆ ತಿಳಿದದ್ದು ಬೆಂಗಳೂರಿನ ವೈದ್ಯರಿಂದ. ಅವರು ರಕ್ತದಲ್ಲಿ ಇಮ್ಯುನೋಗ್ಲಾಬ್ಯುಲಿನ್-ಜಿ ಎಂಬ ಪ್ರತಿಕಾಯದ ಪ್ರಮಾಣವನ್ನು ಅಳೆಯಿಸಿದರು. ಡೆಸಿಲೀಟರಿಗೆ ಸುಮಾರು 700 ಮಿಲಿಗ್ರಾಮಿನ ಮೇಲಿರಬೇಕಾದದ್ದು 290 ಇತ್ತು.

ಹೀಗೆ ಬರಿದಾದ ಕಣಜಕ್ಕೆ ಹೊರಗಿನಿಂದ ಕಾಳು ತಂದು ಸುರಿಯಬಹುದು ಎಂದು ತೋರಿಸಿಕೊಟ್ಟ ಕಥೆ ಸ್ವಾರಸ್ಯವಾಗಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಅಮೆರಿಕದ ಸೈನ್ಯದ ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿ ಆಗ್ಡೆನ್ ಬ್ರೂಟನ್ ಎಂಬ ಮಕ್ಕಳ ವೈದ್ಯರಿದ್ದರು. ಅವರ ಬಳಿಗೆ ಬರುತ್ತಿದ್ದ ಎಂಟು ವರ್ಷದ ಹುಡುಗನೊಬ್ಬನಿಗೆ ನ್ಯುಮೋಕಾಕಸ್ ಸೋಂಕು ರಕ್ತಕ್ಕೇರಿ ಮತ್ತೆ ಮತ್ತೆ ಪ್ರಾಣಾಪಾಯವಾಗುತ್ತಿತ್ತು. ಅವನ ರಕ್ತದ್ರವವನ್ನು ಆಗ ಹೊಸದಾಗಿದ್ದ ವಿದ್ಯುತ್ ವಿಧಾನದಿಂದ ಬೇರ್ಪಡಿಸಿ ನೋಡಿದಾಗ ಗಾಮಾ ಗ್ಲಾಬ್ಯುಲಿನ್ ಎಂಬ ಅಂಶವೇ ಕಾಣಲಿಲ್ಲ. ಬ್ರೂಟನ್ ಅದನ್ನು ಚುಚ್ಚುಮದ್ದಿನ ಮೂಲಕ ತಿಂಗಳು ತಿಂಗಳೂ ಕೊಟ್ಟರು. ಹುಡುಗನ ಸೋಂಕುಗಳು ನಿಂತವು. ಇದನ್ನು ಅವರು 1952ರಲ್ಲಿ ಪ್ರಕಟಿಸಿದರು. ಇಂಥ ಹುಡುಗರಲ್ಲಿ ಹುಟ್ಟಿನಿಂದ ಕೊರತೆಯಿರುವುದು ಒಂದು ಕಿಣ್ವ, ಅದಿಲ್ಲದೆ ಬಿ-ಕಣಗಳು ಬೆಳೆಯಲಾರವು ಎಂಬುದು 1993ರಲ್ಲಿ ಗೊತ್ತಾಯಿತು. ಆ ಕಿಣ್ವಕ್ಕೆ ಬ್ರೂಟನ್ ಅವರ ಹೆಸರನ್ನೇ ಇಟ್ಟರು. ಆಗ ಯಾರೋ ಯೋಚಿಸಿದರು: ಈ ಕಿಣ್ವವಿಲ್ಲದೆ ಬಿ-ಕಣ ಬೆಳೆಯುವುದಿಲ್ಲವೆಂದರೆ, ಬಿ-ಕಣಗಳು ವಿಪರೀತವಾಗಿ ಬೆಳೆದ ರೋಗಿಯಲ್ಲಿ ಇದೇ ಕಿಣ್ವವನ್ನು ತಡೆದರೆ ಹೇಗೆ? ಹೀಗೆ ಹುಟ್ಟಿದ ಇಬ್ರುಟಿನಿಬ್ ಎಂಬ ಗುಳಿಗೆಗೆ ನನ್ನ ರೋಗದ ಚಿಕಿತ್ಸೆಗಾಗಿ ಅಮೆರಿಕದಲ್ಲಿ 2014ರಲ್ಲಿ ಅನುಮತಿ ದೊರೆಯಿತು. ಪ್ರತಿಕಾಯವಿಲ್ಲದೆ ನರಳಿದ ಒಬ್ಬ ಹುಡುಗನ ಕಡೆಯಿಂದ ನನ್ನಂಥ ಮುದುಕರಿಗೆ ಎರಡು ದಾನಗಳು ಬಂದವು: ಒಂದು ಆ ಚುಚ್ಚುಮದ್ದು, ಇನ್ನೊಂದು ಈ ಗುಳಿಗೆ.

1980ರ ದಶಕದಲ್ಲಿ ಪ್ರತಿಕಾಯಗಳನ್ನು ರಕ್ತನಾಳದ ಮೂಲಕವೇ ಕೊಡುವ ಶುದ್ಧವಾದ ದ್ರವ ಬಳಕೆಗೆ ಬಂದಿತು. ನನ್ನ ರೋಗವಿದ್ದವರಿಗೆ ಅದನ್ನು ಮೂರು ವಾರಗಳಿಗೊಮ್ಮೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 1988ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯದ ಸೋಂಕುಗಳು ಹೆಚ್ಚುಕಡಮೆ ಅರ್ಧಕ್ಕೆ ಇಳಿದಿದ್ದವು. ಆಯುಸ್ಸು ಹೆಚ್ಚಿತೆಂದು ಮಾತ್ರ ಯಾರೂ ತೋರಿಸಲಿಲ್ಲ. ಈ ದ್ರವ ಕಾರ್ಖಾನೆಯಲ್ಲಿ ರಾಸಾಯನಿಕಗಳನ್ನು ಬೆರಸಿ ಮಾಡುವ ಪದಾರ್ಥವಲ್ಲ. ಸಾವಿರಾರು ದಾನಿಗಳ ರಕ್ತರಸವನ್ನು ಒಟ್ಟುಗೂಡಿಸಿ, ಸೋಂಕು ಕಳೆದು, ಅದರಿಂದ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಆದುದರಿಂದಲೇ ಬೆಲೆ ಹೆಚ್ಚು. ನನ್ನ ತೂಕಕ್ಕೆ ಒಂದು ಸಲಕ್ಕೆ ಸುಮಾರು 24 ಗ್ರಾಂ ಬೇಕು. ಹತ್ತಾರು ಸಾವಿರ ರೂಪಾಯಿ. ದೇಹದೊಳಗೆ ಅದು ಸುಮಾರು ಮೂರು ವಾರಗಳಲ್ಲಿ ಅರ್ಧವಾಗುವುದರಿಂದ ತಿಂಗಳು ತಿಂಗಳೂ ಮತ್ತೆ ತುಂಬಬೇಕು.

ಇಲ್ಲಿ ನನ್ನ ಮನೆಯಲ್ಲಿ ಒಂದು ಸಣ್ಣ ಯುದ್ಧವೇ ನಡೆಯಿತು. ನನ್ನ ಪಿಂಚಣಿಯಿಂದ ಇದನ್ನು ಕೊಳ್ಳಲಾಗದು. ಮಗನ ಸಂಬಳದಿಂದ ಕೊಳ್ಳಬೇಕು. ಅವನಿಗೆ ಮನೆಯ ಸಾಲವಿದೆ, ಚಿಕ್ಕ ಮಕ್ಕಳಿದ್ದಾರೆ. “ಮೂಗು ಸೋರುವುದಕ್ಕೆ ಇಷ್ಟು ಹಣವೆ? ಬೇಡ” ಎಂದೆ. ಮಗ, “ಅಪ್ಪ, ನಿಮ್ಮ ಮೂಗಿಗಲ್ಲ, ನಾಳೆ ನ್ಯುಮೋನಿಯ ಆದರೆ ಐ.ಸಿ.ಯು.ಗೆ ಕಟ್ಟುವುದರಲ್ಲಿ ಇದು ಎಷ್ಟನೆಯ ಪಾಲು, ನೀವೇ ಲೆಕ್ಕ ಹಾಕಿ” ಎಂದ. ಲೆಕ್ಕದ ಮೇಷ್ಟರಿಗೆ ಹೇಳುವ ಮಾತನ್ನು ಕನ್ನಡದ ಮೇಷ್ಟರಿಗೆ ಹೇಳಿದ್ದ. ಆದರೂ ಲೆಕ್ಕ ಸರಿಯಾಗಿತ್ತು. ಕಡೆಗೆ ರಾಜಿಯಾಯಿತು: ವರ್ಷವಿಡೀ ಬೇಡ, ಆಷಾಢದಿಂದ ಮಾಘದವರೆಗೆ, ಮಳೆ ಚಳಿಗಳ ಎಂಟು ತಿಂಗಳು ಕೊಡಿಸುವುದು, ಬೇಸಗೆಯಲ್ಲಿ ಬಿಡುವುದು. ವೈದ್ಯರು ಇದಕ್ಕೆ ಒಪ್ಪಿದರು. 2019ರಿಂದ ಇದು ನಡೆದುಬಂದಿದೆ.

ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಎಂಬತ್ತು ದಾಟಿದೆ; ಬಲು ಮಡಿವಂತೆ. ಅವಳಿಗೆ ಈ ದ್ರವದ ಮೂಲವನ್ನು ವಿವರಿಸಿದಾಗ, “ಸಾವಿರಾರು ಜನದ್ದೇ? ಯಾರ್ಯಾರದೋ ಏನೋ, ತಮ್ಮಾ” ಎಂದು ಚಿಂತೆಮಾಡಿದಳು. ಬಳಿಕ ತಾನೇ, “ಹೋಗಲಿ, ಅವರೆಲ್ಲ ಚೆನ್ನಾಗಿರಲಿ” ಎಂದು ಹಬ್ಬದ ದಿನ ದೇವರ ಮುಂದೆ ಅವರ ಹೆಸರಿನಲ್ಲಿ ಒಂದು ಹೆಚ್ಚಿನ ದೀಪ ಹಚ್ಚುವುದನ್ನು ರೂಢಿಮಾಡಿಕೊಂಡಳು. ಹೆಸರೇ ಗೊತ್ತಿಲ್ಲವಲ್ಲ ಎಂದರೆ, ದೇವರಿಗೆ ಗೊತ್ತಿದೆ ಎನ್ನುತ್ತಾಳೆ.

ಡ್ರಿಪ್ ಹಾಕಿಸಿಕೊಂಡ ಮಾತ್ರಕ್ಕೆ ಮೂಗು ಪೂರಾ ಸುಧಾರಿಸಿತೆಂದು ತಿಳಿಯಬೇಡಿ. ಮೂಗಿನ ಒಳಪೊರೆಯ ಮೇಲೆ ಕಾವಲಿರುವ ಪ್ರತಿಕಾಯ ಮುಖ್ಯವಾಗಿ ಎ ಎಂಬ ಜಾತಿಯದು. ಈ ದ್ರವದಲ್ಲಿರುವುದು ಜಿ ಜಾತಿಯದು. ಕೋಟೆಯ ಒಳಗಿನ ಸೈನ್ಯ ಬಲವಾಯಿತು, ಹೆಬ್ಬಾಗಿಲು ಮಾತ್ರ ಮೊದಲಿನಂತೆಯೇ ದುರ್ಬಲ. ನನಗೆ ವರ್ಷಕ್ಕೆ ಆರು ಸಲ ಬರುತ್ತಿದ್ದದ್ದು ಎರಡಕ್ಕೆ ಇಳಿಯಿತು. ಎದೆಗೆ ಇಳಿಯುವುದು ನಿಂತಿತು. ಇದು ಸಣ್ಣ ಲಾಭವಲ್ಲ. ಆದರೆ ಬಾಗಿಲನ್ನು ನಾನೇ ಕಾಯಬೇಕು.

ಕಾಯುವ ವಿಧಾನಗಳಲ್ಲಿ ಮೊದಲನೆಯದು ನಮ್ಮ ಹಠಯೋಗಿಗಳು ಬಲ್ಲ ಜಲನೇತಿ. ಇಂದು ಕಿವಿ-ಮೂಗು-ಗಂಟಲಿನ ವೈದ್ಯರು ಜಗತ್ತಿನ ಎಲ್ಲೆಡೆಯೂ ಇದನ್ನೇ ಉಪ್ಪುನೀರಿನ ಪ್ರಕ್ಷಾಲನವೆಂದು ಹೇಳಿಕೊಡುತ್ತಾರೆ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಎಂದರೆ ರಕ್ತದ ಸಮಕ್ಕೆ ಬರುತ್ತದೆ. ಕಡಮೆಯಾದರೆ ಮೂಗು ಉರಿಯುತ್ತದೆ. ಒಂದು ಚಿಟಿಕೆ ಅಡುಗೆ ಸೋಡ ಸೇರಿಸಿದರೆ ಹಿತ. ಆದರೆ ನೀರಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ನಲ್ಲಿಯ ನೀರನ್ನಾಗಲಿ, ಬಾವಿಯ ನೀರನ್ನಾಗಲಿ ನೇರವಾಗಿ ಮೂಗಿಗೆ ಹಾಕಬಾರದು. ಚೆನ್ನಾಗಿ ಕುದಿಸಿ ಆರಿಸಿದ ನೀರೇ ಆಗಬೇಕು. ಸಿಹಿನೀರಿನಲ್ಲಿ ವಾಸಿಸುವ ಒಂದು ಬಗೆಯ ಅಮೀಬ ಕುಡಿದರೆ ಏನೂ ಮಾಡದು. ಮೂಗಿನ ಮೇಲ್ಭಾಗವನ್ನು ಮುಟ್ಟಿದರೆ ಮಿದುಳಿಗೆ ಏರುತ್ತದೆ, ಏರಿದರೆ ಬದುಕುವವರು ಅಪರೂಪ. 2011ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ಹೀಗೆ ಸತ್ತರು. ಅಮೀಬಗಳಿಂದ ಬರುವ ಮಿದುಳಿನ ಜ್ವರದ ಸುದ್ದಿಯನ್ನು ನೆರೆಯ ಕೇರಳದಿಂದ 2024ರಲ್ಲಿಯೂ 2025ರಲ್ಲಿಯೂ ನಾವು ಪತ್ರಿಕೆಗಳಲ್ಲಿ ಓದಿದೆವು. ನಮ್ಮ ಮನೆಯಲ್ಲಿ ನೇತಿಯ ಲೋಟಕ್ಕೂ ಅದರ ನೀರಿನ ಪಾತ್ರೆಗೂ ಬೇರೆ ಗೂಡು. ಮೊಮ್ಮಕ್ಕಳು ಅದಕ್ಕೆ ತಾತನ ಮಡಿ ಎಂದು ಹೆಸರಿಟ್ಟಿದ್ದಾರೆ. ಅಕ್ಕನ ಮಡಿಗೆ ನಕ್ಕವರು ನನ್ನ ಮಡಿಗೆ ನಗುವುದು ಸಹಜವೇ.

ಹಬೆ ಹಿಡಿಯುವುದನ್ನು ಕುರಿತು ಬಹಳ ಜನ ಕೇಳುತ್ತಾರೆ. ಅದರಿಂದ ಕೆಲಹೊತ್ತು ಹಾಯೆನಿಸುವುದುಂಟು. ರೋಗ ಬೇಗ ವಾಸಿಯಾಗುವುದೆನ್ನಲು ಆಧಾರ ಸಾಲದು. ಕುದಿಯುವ ಪಾತ್ರೆ ಮಗುಚಿ ಮೈ ಸುಟ್ಟುಕೊಂಡವರು ಮಾತ್ರ ಅನೇಕ. ಮೂಗಿಗೆ ಬಿಡುವ, ತಕ್ಷಣ ಉಸಿರು ಸಲೀಸಾಗಿಸುವ ಹನಿಗಳಿವೆಯಲ್ಲ, ಅವನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಬಳಸಿದರೆ ಬಿಟ್ಟ ಕೂಡಲೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಸಾಲಗಾರನು ಬಡ್ಡಿ ಸೇರಿಸಿ ಕೇಳಿದ ಹಾಗೆ.

ಆಂಟಿಬಯೋಟಿಕ್ಕಿನ ಮಾತು ಬೇರೆ. ಸಿಂಬಳ ಹಳದಿಯಾಯಿತು, ಹಸಿರಾಯಿತು ಎಂದ ಮಾತ್ರಕ್ಕೆ ಬ್ಯಾಕ್ಟೀರಿಯ ಎಂದು ಹೇಳಲಾಗುವುದಿಲ್ಲ. ಸಾಧಾರಣ ವೈರಸ್ಸಿನ ನೆಗಡಿಯಲ್ಲಿಯೂ ಬಣ್ಣ ತಿರುಗುತ್ತದೆ. ವೈದ್ಯರು ನನಗೆ ಹೇಳಿಕೊಟ್ಟ ಸೂತ್ರವೆಂದರೆ ದಿನಗಳನ್ನು ಎಣಿಸುವುದು. ಹತ್ತು ದಿನವಾದರೂ ಇಳಿಯದಿದ್ದರೆ, ಅಥವಾ ಇಳಿದದ್ದು ಐದಾರನೆಯ ದಿನ ಮತ್ತೆ ಏರಿದರೆ, ಅಥವಾ ಮೊದಲಿನಿಂದಲೇ ಹೆಚ್ಚು ಜ್ವರವೂ ಮುಖದ ನೋವೂ ಇದ್ದರೆ ಬ್ಯಾಕ್ಟೀರಿಯವೆಂದು ಶಂಕಿಸಬೇಕು. ಆರೋಗ್ಯವಂತರು ಹತ್ತು ದಿನ ನಿಶ್ಚಿಂತೆಯಾಗಿ ಕಾಯಬಹುದು. ನನ್ನಂಥವರಿಗೆ ಅಷ್ಟು ಸ್ವಾತಂತ್ರ್ಯವಿಲ್ಲ; 100.4 ಡಿಗ್ರಿ ಜ್ವರ ಕಂಡರೆ ಅಂದೇ, ರಾತ್ರಿಯಾದರೆ ಆ ರಾತ್ರಿಯೇ, ವೈದ್ಯರಿಗೆ ತಿಳಿಸಬೇಕು. ನನ್ನ ಕ್ಯಾಲೆಂಡರಿನಲ್ಲಿ ಏಕಾದಶಿ ಅಮಾವಾಸ್ಯೆಗಳ ಪಕ್ಕದಲ್ಲಿ ನೆಗಡಿಯ ಮೊದಲನೆಯ ದಿನ, ಐದನೆಯ ದಿನ, ಹತ್ತನೆಯ ದಿನ ಎಂದು ಸೀಸದ ಕಡ್ಡಿಯ ಗುರುತುಗಳಿವೆ.

2022ರಲ್ಲಿ ನನ್ನ ಹಿಮೋಗ್ಲೋಬಿನ್ ಇಳಿಯತೊಡಗಿ, ಕುತ್ತಿಗೆಯ ಗಂಟುಗಳು ದಪ್ಪವಾದದ್ದರಿಂದ, ಬ್ರೂಟನ್ ಕಿಣ್ವವನ್ನು ತಡೆಯುವ ಗುಳಿಗೆಯನ್ನು ಪ್ರಾರಂಭಿಸಿದರು. ಗಂಟುಗಳು ಕರಗಿದವು. ಈ ಗುಳಿಗೆ ತೆಗೆದುಕೊಳ್ಳುವವರಲ್ಲಿ ಎ ಜಾತಿಯ ಪ್ರತಿಕಾಯ ಕಾಲಕ್ರಮದಲ್ಲಿ ಸ್ವಲ್ಪ ಏರುತ್ತದೆ, ಹಾಗೆ ಏರಿದವರಲ್ಲಿ ಸೋಂಕು ಕಡಮೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಆದರೆ ಗುಳಿಗೆಯ ಜೊತೆಗೆ ಎರಡು ಹೊಸ ಎಚ್ಚರಿಕೆಗಳೂ ಬಂದವು. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗುವುದರಿಂದ ಮೂಗನ್ನು ಜೋರಾಗಿ ಸೀನಬಾರದು. ಸೀನಿದರೆ ವಸ್ತ್ರವೆಲ್ಲ ಕೆಂಪು. ಎರಡನೆಯದು ಇನ್ನೂ ಮುಖ್ಯ. ಸೈನಸ್ಸಿಗೆ ಕೊಡುವ ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್, ಶಿಲೀಂಧ್ರಕ್ಕೆ ಕೊಡುವ ಕೆಲವು ಔಷಧಿಗಳು ಯಕೃತ್ತಿನಲ್ಲಿ ಈ ಗುಳಿಗೆ ಕರಗುವ ದಾರಿಯನ್ನು ಅಡ್ಡಗಟ್ಟುತ್ತವೆ; ಗುಳಿಗೆ ರಕ್ತದಲ್ಲಿ ಹಲವು ಪಾಲು ಹೆಚ್ಚಿ ವಿಷವಾಗಬಹುದು. ಔಷಧದ ಅಂಗಡಿಯ ಹುಡುಗನನ್ನು ಕೇಳಿ ಮಾತ್ರೆ ನುಂಗುವ ನಮ್ಮ ಪದ್ಧತಿ ಇಂಥವರಿಗೆ ಸಲ್ಲದು. ನಾನು ತೆಗೆದುಕೊಳ್ಳುವ ಔಷಧಿಗಳ ಪಟ್ಟಿಯನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ; ಕಣ್ಣಿನ ಡಾಕ್ಟರಿಗೂ ತೋರಿಸುತ್ತೇನೆ, ಹಲ್ಲಿನ ಡಾಕ್ಟರಿಗೂ ತೋರಿಸುತ್ತೇನೆ.

ಶಸ್ತ್ರಕ್ರಿಯೆ ಮಾಡಿಸಬಾರದೇಕೆ ಎಂದು ಮಿತ್ರರು ಕೇಳುತ್ತಾರೆ. ಹಿಂದಿನ ಕಾಲದ ಶಸ್ತ್ರವೈದ್ಯರು ಕೆನ್ನೆಯ ಗೂಡಿನ ಗೋಡೆಯಲ್ಲಿ, ತಳಕ್ಕೆ ಸಮೀಪವಾಗಿ, ಹೊಸ ಕಿಟಕಿ ಕೊರೆಯುತ್ತಿದ್ದರು. ನ್ಯೂಯಾರ್ಕಿನ ಕಾಲ್ಡ್‌ವೆಲ್ 1893ರಲ್ಲಿಯೂ ಪ್ಯಾರಿಸ್ಸಿನ ಲ್ಯೂಕ್ 1897ರಲ್ಲಿಯೂ ವಿವರಿಸಿದ ಆ ಕ್ರಮ ಬಹುಕಾಲ ನಡೆಯಿತು. ಆದರೆ ಆಸ್ಟ್ರಿಯದ ಗ್ರಾಟ್ಸ್ ನಗರದ ಮೆಸ್ಸರ್‌ಕ್ಲಿಂಗರ್ ಎಂಬ ವೈದ್ಯರು ದುರ್ಬೀನಿನಿಂದ ಒಳಗೆ ನೋಡಿ ಕಂಡದ್ದೇನೆಂದರೆ, ತಳದಲ್ಲಿ ಎಷ್ಟು ದೊಡ್ಡ ಕಿಟಕಿಯಿದ್ದರೂ ಲೋಳೆ ಅದನ್ನು ಬಳಸಿಕೊಂಡು ಹೋಗಿ ಮೇಲಿನ ಹಳೆಯ ಕಂಡಿಯ ಕಡೆಗೇ ಸಾಗುತ್ತದೆ! ಹುಟ್ಟಿದ ಊರ ದಾರಿಯನ್ನು ಮರೆಯದ ಎತ್ತಿನಂತೆ. ಆದುದರಿಂದ ಇಂದಿನ ಶಸ್ತ್ರಕ್ರಿಯೆ ಹಳೆಯ ಕಂಡಿಯನ್ನೇ ಅಗಲಮಾಡುವ ಕ್ರಮ. ನನ್ನ ವೈದ್ಯರ ಅಭಿಪ್ರಾಯವೆಂದರೆ, ಬಾಗಿಲನ್ನು ಅಗಲ ಮಾಡಬಹುದು, ಕಾವಲುಗಾರನನ್ನು ಕೊಡಲಾಗದು. ವರ್ಷಕ್ಕೆ ಎರಡು ಸಲ ಬರುವವರೆಗೆ ಚಾಕುವಿನ ತಂಟೆಗೆ ಹೋಗುವುದು ಬೇಡ. ನಾನು ಸಂತೋಷವಾಗಿ ಒಪ್ಪಿದೆ.

ಹೆದರಬೇಕಾದ ಸಂಗತಿ ಒಂದುಂಟು. 2021ರ ಬೇಸಗೆಯಲ್ಲಿ, ಕೋವಿಡ್ಡಿನ ಎರಡನೆಯ ಅಲೆಯ ಬೆನ್ನಿಗೆ ಬಂದ, ಪತ್ರಿಕೆಗಳು ಕಪ್ಪು ಶಿಲೀಂಧ್ರವೆಂದು ಕರೆದ ರೋಗವನ್ನು ಯಾರೂ ಮರೆತಿರಲಾರರು. ಅದು ನೆಲೆಯೂರುವುದು ಇದೇ ಸೈನಸ್ಸುಗಳಲ್ಲಿ. ಶಿಲೀಂಧ್ರ ಕಪ್ಪಲ್ಲ, ಅದು ರಕ್ತನಾಳಗಳನ್ನು ಮುಚ್ಚಿದಾಗ ಸತ್ತ ಮಾಂಸ ಕಪ್ಪು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಹೆಚ್ಚು ಸ್ಟೀರಾಯ್ಡ್ ತೆಗೆದುಕೊಂಡವರು, ರಕ್ತದ ಕ್ಯಾನ್ಸರಿನವರು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಕೆನ್ನೆ ಮರಗಟ್ಟುವುದು, ಕಣ್ಣು ಊದಿಕೊಳ್ಳುವುದು, ಒಂದು ವಸ್ತು ಎರಡಾಗಿ ಕಾಣುವುದು, ಮೂಗಿನಲ್ಲಾಗಲಿ ಅಂಗಳದಲ್ಲಾಗಲಿ ಕಪ್ಪು ಹಕ್ಕಳೆ ಕಾಣುವುದು: ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಎನ್ನಬಾರದು. ಇದನ್ನು ನನ್ನ ಸೊಸೆ ಕಾಗದದ ಮೇಲೆ ಬರೆದು ಅಡುಗೆಮನೆಯ ಕಪಾಟಿನ ಒಳಬದಿಗೆ ಅಂಟಿಸಿದ್ದಾಳೆ.

ಲಸಿಕೆಗಳನ್ನು ಕುರಿತು ಒಂದೇ ಮಾತು. ನ್ಯುಮೋಕಾಕಸ್ ಲಸಿಕೆಯನ್ನೂ ಪ್ರತಿವರ್ಷ ಫ್ಲೂ ಲಸಿಕೆಯನ್ನೂ ಹಾಕಿಸಿಕೊಳ್ಳುತ್ತೇನೆ. ಜೊಳ್ಳು ಕಣಗಳ ದೇಹದಲ್ಲಿ ಅವುಗಳ ಫಲ ಕಡಮೆ. ಆದುದರಿಂದ ಮನೆಯವರೆಲ್ಲರೂ ಹಾಕಿಸಿಕೊಳ್ಳುತ್ತಾರೆ. ಜೀವಂತ ರೋಗಾಣುಗಳಿಂದ ಮಾಡಿದ ಲಸಿಕೆಗಳು ನನಗೆ ನಿಷಿದ್ಧ.

ಇಷ್ಟೆಲ್ಲ ನಿಯಮಗಳಿಗಿಂತ ಕಠಿಣವಾದದ್ದು ಜನರೊಡನೆ ಬಾಳುವುದು. ನಮ್ಮ ಸಮಾಜದಲ್ಲಿ ಸಾವಿನ ಮನೆಗೆ ಹೋಗದಿದ್ದರೆ ಕಲ್ಲೆದೆಯವನು, ಮದುವೆಗೆ ಹೋಗದಿದ್ದರೆ ಹೊಟ್ಟೆಕಿಚ್ಚಿನವನು. ಬಂದವರು ಮುಖಕ್ಕೆ ಮುಖವಿಟ್ಟು ಕೆಮ್ಮಿದರೆ ದೂರ ಸರಿಯುವುದು ಅಸಭ್ಯತೆ. ಮೊಮ್ಮಗ ಶಾಲೆಯಿಂದ ತಿಂಗಳಿಗೊಂದು ನೆಗಡಿಯನ್ನು ಹೊತ್ತು ತರುತ್ತಾನೆ. ಒಬ್ಬ ಹಿತೈಷಿಗಳು, ಮಹಡಿಯ ಮೇಲೆ ಬೇರೆ ಕೋಣೆ ಕಟ್ಟಿಸಿಕೊಂಡು ಇದ್ದುಬಿಡಿ ಎಂದು ಬುದ್ಧಿ ಹೇಳಿದರು. ಆ ಕೋಣೆಯಲ್ಲಿ ಕುಳಿತು ಏನನ್ನು ಉಳಿಸಿಕೊಳ್ಳುವುದು ಎಂದು ನಾನು ಬಹಳ ದಿನ ಆಲೋಚಿಸಿದೆ. ಕೋಣೆ ಕಟ್ಟಿಸಲಿಲ್ಲ. ಬದಲಾಗಿ ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ಮಗುವಿಗೆ ನೆಗಡಿಯಾದ ದಿನಗಳಲ್ಲಿ ಪಾಠ ನಡೆಯುವುದು ಜಗಲಿಯ ಮೇಲೆ, ಗಾಳಿಯಾಡುವ ಕಡೆ, ಇಬ್ಬರಿಗೂ ಮುಖವಸ್ತ್ರ. ಕಥೆ ಹೇಳುವುದು ನಿಲ್ಲುವುದಿಲ್ಲ. ತೊಡೆಯ ಮೇಲೆ ಕೂರುವುದು ನಿಲ್ಲುತ್ತದೆ. ಅವನು ದಿನ ಎಣಿಸುವುದನ್ನು ಕಲಿತದ್ದೇ ಹೀಗೆ.

ಕಳೆದ ಚಳಿಗಾಲದಲ್ಲಿ ಅಕ್ಕನ ಮೊಮ್ಮಗಳ ಮದುವೆ ಮಂಡ್ಯದಲ್ಲಿ ನಡೆಯಿತು. ಛತ್ರದಲ್ಲಿ ಎಂಟುನೂರು ಜನ. ಮಗ ಬೇಡವೆಂದ, ಹೆಂಡತಿ ಬೇಡವೆಂದಳು. ವೈದ್ಯರನ್ನು ಕೇಳಿದೆ. ಅವರು, “ಮೇಷ್ಟ್ರೇ, ಡ್ರಿಪ್ ಹಾಕಿಸಿಕೊಂಡ ವಾರದೊಳಗೆ ಬರುವ ಮುಹೂರ್ತವಾದರೆ ಹೋಗಿ ಬನ್ನಿ. ಊಟದ ಪಂಕ್ತಿಯಲ್ಲಿ ಮಾತ್ರ ಕೂರಬೇಡಿ” ಎಂದರು. ಮುಹೂರ್ತ ಭಾನುವಾರ, ಡ್ರಿಪ್ಪನ್ನು ಎರಡು ದಿನ ಮುಂದಕ್ಕೆ ಹಾಕಿ ಗುರುವಾರ ಮಾಡಿಸಿದೆವು. ನಾನು ಛತ್ರದ ಬಾಗಿಲಿನ ಪಕ್ಕದ ಕುರ್ಚಿಯಲ್ಲಿ ಮುಖವಸ್ತ್ರ ಧರಿಸಿ ಕುಳಿತೆ. ಬಂದವರಿಗೆಲ್ಲ ದೂರದಿಂದಲೇ ಕೈಮುಗಿದೆ. ಧಾರೆಯ ಹೊತ್ತಿಗೆ ಅಕ್ಕ ನನ್ನನ್ನು ಕೈಹಿಡಿದು ಮಂಟಪದ ಬಳಿಗೆ ಕರೆದುಕೊಂಡು ಹೋದಳು. ಹುಡುಗಿಯ ತಲೆಯ ಮೇಲೆ ಅಕ್ಷತೆ ಹಾಕಿದೆ. ಅಲ್ಲಿದ್ದದ್ದು ಒಟ್ಟು ಎರಡು ಗಂಟೆ. ಮನೆಗೆ ಬಂದ ನಾಲ್ಕನೆಯ ದಿನ ಮೂಗು ಸೋರತೊಡಗಿತು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಎಣಿಸುತ್ತ ಕುಳಿತೆವು. ಐದನೆಯ ದಿನ ಕೆನ್ನೆ ಸ್ವಲ್ಪ ಭಾರವಾಯಿತು, ಜ್ವರ ಬರಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ನೇತಿ ಮುಗಿಸಿ ಬರುವಾಗ ಅಡುಗೆಮನೆಯಿಂದ ಹುರಿದ ಕಾಫಿಬೀಜದ ವಾಸನೆ ಬಂದಿತು.